ರುಚಿ ನೋಡದ ಕೋಳಿಸಾರು

"ಅಮ್ಮಾ, ಶಂಕರಮ್ಮಜ್ಜಿ ಮೇಘಕ್ಕಂಗೆ ಊಟ ಕೊಡ್ತಿರ್ಲಿಲ್ವಂತೆ, ಹೌದಾ?"

ತನ್ಮಯ್ ಈ ಪ್ರಶ್ನೆ ಕೇಳಿದಾಗ ಅವನ ಬಾಯಿಯಲ್ಲಿದ್ದದ್ದು ಆ ಶಂಕರಮ್ಮನೇ ಮಾಡಿ ಕಳಿಸಿದ ಕಡುಬು. ಒಂದು ಕೆನ್ನೆ ಉಬ್ಬಿತ್ತು, ಗಲ್ಲದ ಮೇಲೆ ತುಪ್ಪ ಇಳಿಯುತ್ತಿತ್ತು. ಶಾಲೆಯ ವ್ಯಾನ್ ಬರಲು ಇನ್ನೂ ಹೊತ್ತಿತ್ತು. ಅವನ ಷೂ ಲೇಸು ಕಟ್ಟುತ್ತಿದ್ದ ರಕ್ಷಾಳ ಕೈ ಅಲ್ಲೇ ನಿಂತಿತು.

"ಯಾರೋ ಹಂಗಂದಿದ್ದು?"

"ವ್ಯಾನಲ್ಲಿ ಪಂಚಮಿ ಹೇಳಿದ್ಲು. ಅವ್ರ ಮನೇಲಿ ಎಲ್ರೂ ಟಿವಿ ನೋಡಿದ್ರಂತೆ. ಅದು ಸೊಸೇನ ಉಪವಾಸ ಕೆಡವೋ ಅಜ್ಜಿ, ನೀನು ಅವ್ರ ಮನೆಗೆ ಹೋಗ್ಬೇಡ, ನಿಂಗೂ ಊಟ ಕೊಡಲ್ಲ ಅಂದ್ಲು."

"ನೀನೀಗ ತಿಂತಿರೋದು ಎಂತ?"

ತನ್ಮಯ್ ಕೈಯಲ್ಲಿ ಉಳಿದಿದ್ದ ಅರ್ಧ ಕಡುಬನ್ನು ತಿರುಗಿಸಿ ನೋಡಿದ. "ಕಡುಬು," ಅಂದ. ಮತ್ತೆ ಸ್ವಲ್ಪ ಯೋಚಿಸಿ, "ಹಂಗಾದ್ರೆ ಮೇಘಕ್ಕಂಗೆ ಮಾತ್ರ ಕೊಡ್ತಿರ್ಲಿಲ್ವಾ?" ಎಂದು ಕೇಳಿದ.

ರಕ್ಷಾಳಿಗೆ ಮೈಯೆಲ್ಲ ಉರಿದುಹೋಯಿತು. ಮಗನ ಮೇಲಲ್ಲ. ಆರು ವರ್ಷದ ಹುಡುಗ ಹೌದಾ ಅಂತ ಕೇಳಿಯಾದರೂ ಕೇಳಿದ. ಮೂಡಿಗೆರೆ ಪೇಟೆಯ ದೊಡ್ಡವರು ಅಷ್ಟೂ ಮಾಡಲಿಲ್ಲ. ಟಿವಿಯಲ್ಲಿ ಕಂಡದ್ದನ್ನು ಹಾಗೇ ನುಂಗಿ, ಬಾಯಿ ಒರೆಸಿಕೊಂಡು, ಶಂಕರಮ್ಮನನ್ನು ನೋಡಿ ನಗುತ್ತಿದ್ದಾರೆ.

ಶಂಕರಮ್ಮನನ್ನು ಬಲ್ಲವರಾದರೂ ಹೀಗೆ ಮಾಡಬಾರದಿತ್ತು. ಜೀಪು ರಸ್ತೆ ಮುಗಿಯುವ ಕಡೆ ಅವರದು ಸಣ್ಣ ಕಾಫಿ ತೋಟ. ಅದಕ್ಕೆ ತಾಗಿಕೊಂಡೇ ರಕ್ಷಾ ಮತ್ತು ಅವಳ ಗಂಡ ಅನಿಲನ ಮನೆ. ಕಳಸದ ಕಡೆಯಿಂದ ಮದುವೆಯಾಗಿ ಬಂದ ಶಂಕರಮ್ಮನಿಗೆ ಇಬ್ಬರು ಗಂಡುಮಕ್ಕಳು, ಯೋಗೇಶ್ ಮತ್ತು ಅರುಣ್. ಹುಡುಗರು ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಗಂಡ ಚನ್ನಕೇಶವ ಗೌಡರು ತೀರಿಕೊಂಡರು. ಹೆಂಗಸು ತೋಟ ಮಾರಿ ತವರಿಗೆ ಹೋಗುತ್ತಾಳೆ ಅಂತ ಕಾದವರು ಕಾದೇ ಉಳಿದರು. ಶಂಕರಮ್ಮ ಗಂಡನ ಹಳೇ ಶರ್ಟನ್ನು ಸೀರೆ ಮೇಲೆ ತೊಟ್ಟು, ತಲೆಗೆ ಟವಲ್ ಸುತ್ತಿ, ಆಳುಗಳ ಮುಂದೆ ತಾವೇ ನಿಂತರು. ನೆರಳಿನ ಮರ ಸವರುವ ಮರಗಸಿಯ ಹೊತ್ತಲ್ಲಿ ಯಾವ ಕೊಂಬೆ ಇಳಿಸಬೇಕು, ಕಾಫಿ ಹೂ ಅರಳಿಸುವ ಹೂಮಳೆ ತಪ್ಪಿದರೆ ಸ್ಪ್ರಿಂಕ್ಲರ್ ಯಾವಾಗ ಹಚ್ಚಬೇಕು, ಎಲ್ಲ ಬೈಸಿಕೊಳ್ಳುತ್ತ, ಬೈಯುತ್ತ ಕಲಿತರು. ಮೇಸ್ತ್ರಿ ಜೊತೆ ಬೆಳಿಗ್ಗೆ ಜಗಳವಾಡಿದರೆ ಮಧ್ಯಾಹ್ನ ಅವನ ತಟ್ಟೆಗೆ ಸಾರು ಬಡಿಸುತ್ತಿದ್ದವರೂ ಅವರೇ.

ಅವರ ಬಾಯಲ್ಲಿ ಮೊದಲು ಬರುವ ಮಾತು "ಉಂಡ್ಯಾ?" ಅಂತ. ಮೀಟರ್ ನೋಡಲು ಬಂದವನಿಗೂ ಅದೇ, ಸಾಲದ ನೋಟಿಸು ಹಿಡಿದು ಬಂದ ಬ್ಯಾಂಕಿನವನಿಗೂ ಅದೇ. ಉಂಡಿಲ್ಲ ಅಂದರೆ ಮುಗಿಯಿತು, ಎಲೆ ಹಾಕುವ ತನಕ ಬಂದ ಕೆಲಸ ಮಾತಾಡುವಂತಿಲ್ಲ.

ತನ್ಮಯ್ ಹುಟ್ಟಿದಾಗ ರಕ್ಷಾಳ ತಾಯಿ ಕಾಲು ಮುರಿದುಕೊಂಡು ಮಲಗಿದ್ದರು. ಬಾಣಂತನ ಮಾಡುವವರು ಯಾರು ಅಂತ ಅನಿಲ್ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಮೆಣಸು ಬೆಳ್ಳುಳ್ಳಿ ಸಾರಿನ ಕ್ಯಾರಿಯರ್ ಹಿಡಿದು ಶಂಕರಮ್ಮ ಒಳಗೆ ಬಂದರು. ಯಾರೂ ಕರೆದಿರಲಿಲ್ಲ. ತಟ್ಟೆ ಖಾಲಿಯಾಗುವ ತನಕ ಎದುರಿಂದ ಏಳುತ್ತಿರಲಿಲ್ಲ. "ಇನ್ನೊಂದು ತುತ್ತು ಉಣ್ಣೇ ಮಾರಾಯ್ತಿ. ಮತ್ತೆ ಹಾಲು ಎಲ್ಲಿಂದ ಬರ್ಬೇಕು, ಮೋಡದಿಂದಲಾ?" ಎಂದು ಗದರುತ್ತಿದ್ದರು. ಆ ಗದರಿಕೆ ಇಲ್ಲದಿದ್ದರೆ ಆ ತಿಂಗಳುಗಳನ್ನು ತಾನು ಹೇಗೆ ದಾಟುತ್ತಿದ್ದೆನೋ ಎಂದು ರಕ್ಷಾಳಿಗೆ ಈಗಲೂ ಅನಿಸುತ್ತದೆ.

ಅಂಥ ಹೆಂಗಸಿಗೆ ಈಗ ಊರು ಇಟ್ಟ ಹೆಸರು, ಉಣ್ಣಕ್ಕೆ ಬಿಡದ ಅತ್ತೆ.

ಎಲ್ಲ ಶುರುವಾದದ್ದು 'ಸೌಟು ಸಮರ' ಅನ್ನುವ ಅಡುಗೆ ಸ್ಪರ್ಧೆಯಿಂದ. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಶಂಕರಮ್ಮ, ಯೋಗೇಶನ ಹೆಂಡತಿ ಮೇಘಶ್ರೀ, ರಕ್ಷಾ ಮೂವರೂ ಶಂಕರಮ್ಮನ ಮನೆಯ ಟಿವಿ ಮುಂದೆ ಸೇರುತ್ತಿದ್ದರು. ನೋಡುವುದಕ್ಕಿಂತ ಹೆಚ್ಚು ಬೈಯುವುದು. "ಅಯ್ಯೋ, ಬೆಳ್ಳುಳ್ಳಿ ಸೀದೋಯ್ತು! ಹಿಂದೆ ತಿರುಗಿ ನೋಡೇ!" ಎಂದು ಶಂಕರಮ್ಮ ಕೂತಲ್ಲಿಂದಲೇ ಕೂಗಿದರೆ, "ಅತ್ತೆ, ಅವಳಿಗೆ ಬೆಂಗಳೂರಿಗೆ ಕೇಳ್ಸಲ್ಲ," ಎಂದು ಮೇಘಶ್ರೀ ನಗುತ್ತಿದ್ದಳು. "ಕೇಳ್ಸಿದ್ರೆ ಗೆಲ್ತಿದ್ಲು," ಎನ್ನುವುದು ಶಂಕರಮ್ಮನ ಉತ್ತರ.

ಬೈಯುತ್ತ ಬೈಯುತ್ತಲೇ ಅವರು ಅದರಿಂದ ಕಲಿತದ್ದೂ ಉಂಟು. ಒಲೆ ಹಚ್ಚುವ ಮೊದಲು ಎಲ್ಲ ಹೆಚ್ಚಿಟ್ಟುಕೊಳ್ಳುವುದು ಒಳ್ಳೆಯದು ಅಂತ ಒಪ್ಪಿಕೊಂಡರು. ಹೆಗಲ ಮೇಲೊಂದು ಬಟ್ಟೆ ಬಂತು. ತಟ್ಟೆಯ ಅಂಚಿಗೆ ಸಾರು ಚೆಲ್ಲಿದರೆ ಒರೆಸಿ ಕೊಡತೊಡಗಿದರು. "ನೋಡು, ಎಷ್ಟು ಲಕ್ಷಣ ಕಾಣುತ್ತೆ," ಎಂದು ತಾವೇ ಮೆಚ್ಚಿಕೊಂಡರು. ಒಂದು ಸಂಜೆ ಗೆದ್ದ ಹುಡುಗಿಯನ್ನು ತೋರಿಸಿ, "ಇವಳು ಒಳ್ಳೇ ಮನೆ ಮಗಳು ಕಣೇ. ಸೋತವಳ ಪಾತ್ರೆ ಎತ್ತಿಡೋಕೆ ಹೋದ್ಲು, ಕ್ಯಾಮೆರಾ ಇತ್ಲಾಗೆ ತಿರುಗಿಬಿಡ್ತು. ನೀವ್ಯಾರೂ ನೋಡ್ಲಿಲ್ಲ," ಅಂದಿದ್ದರು. ರಕ್ಷಾ ಆ ಮಾತನ್ನು ಡೈರಿಯಲ್ಲಿ ಬರೆದುಕೊಂಡಿದ್ದಳು. ಕ್ಯಾಮೆರಾ ತಿರುಗುವುದು ಇಷ್ಟು ಹತ್ತಿರದ ವಿಷಯವಾಗುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು?

ಮೇಘಶ್ರೀಯನ್ನು ಆ ಸ್ಪರ್ಧೆಗೆ ಕಳಿಸಿದವರೂ ಶಂಕರಮ್ಮನೇ. ಚಿಕ್ಕಮಗಳೂರು ಪೇಟೆಯಲ್ಲಿ ಬೆಳೆದ ಹುಡುಗಿ, ಬಂದಾಗ ಅಕ್ಕಿ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ. ಈಗ ಅವಳ ಕೈ ಅತ್ತೆಯ ಕೈಯನ್ನೂ ಮೀರಿಸಿದೆ. "ಹೋಗೇ, ನೀನೂ ನಿಂತ್ಕೋ ಅಲ್ಲಿ," ಎಂದು ಶಂಕರಮ್ಮ ಹಿಂದೆ ಬಿದ್ದರು.

"ಕೊಯ್ಲಿನ ಹೊತ್ತಲ್ಲಿ ಮನೇಲಿ ಜನ ಇಲ್ದೆ ಹೆಂಗಮ್ಮ?" ಎಂದು ಯೋಗೇಶ್ ರಾಗ ಎಳೆದ.

"ನಾನು ಸತ್ತಿಲ್ಲ. ನೀನೂ ಎರಡು ಕೈ ಇಟ್ಕೊಂಡೇ ಹುಟ್ಟಿದೀಯ," ಅಂದರು ಶಂಕರಮ್ಮ.

ಹಿತ್ತಲಲ್ಲಿ ಮೇಘಶ್ರೀ ಅಡುಗೆ ಮಾಡಿದಳು, ರಕ್ಷಾ ಫೋನಿನಲ್ಲಿ ವಿಡಿಯೋ ಹಿಡಿದಳು, ಶಂಕರಮ್ಮ ಫೋನಿಗೆ ಕಾಣದ ಹಾಗೆ ಬಾಗಿ ಒಲೆಗೆ ಸೌದೆ ಒಟ್ಟಿದರು. ಚಾನೆಲಿನವರು ಕರೆದರು. ಹೊರಡುವ ದಿನ ಸೊಸೆಯ ಚೀಲಕ್ಕೆ ತಮ್ಮ ತೋಟದ ಕಾಳುಮೆಣಸು ತುಂಬಿ, ಬಸ್ಸಿಗೆ ಹತ್ತಿಸಿ, ಬಸ್ಸು ಮರೆಯಾದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡವರು ಶಂಕರಮ್ಮ. ಇದು ಯಾವ ಚಾನೆಲಿನಲ್ಲೂ ಬರಲಿಲ್ಲ.

ಮೇಘಶ್ರೀ ವಾರ ವಾರವೂ ಉಳಿದುಕೊಂಡಳು. ಊರಿಗೆ ಊರೇ ಹೆಮ್ಮೆ ಪಟ್ಟಿತು. ಆಮೇಲೆ ಆ ಸಂಜೆ ಬಂತು.

ಅವತ್ತಿನ ಸವಾಲು, 'ನಿಮ್ಮ ಮನೆಯ ಹಬ್ಬದ ಅಡುಗೆ'. ಮೇಘಶ್ರೀ ಹಿರಿಯರ ಹಬ್ಬದ ಕೋಳಿಸಾರು ಮಾಡಿದಳು. ಪಿತೃಪಕ್ಷದಲ್ಲಿ ಶಂಕರಮ್ಮನ ಮನೆಯಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತಾರೆ. ಅವರು ಬದುಕಿದ್ದಾಗ ಇಷ್ಟಪಟ್ಟದ್ದನ್ನೆಲ್ಲ, ಕಡುಬು, ಕೋಳಿಸಾರು, ಕಜ್ಜಾಯ, ಚನ್ನಕೇಶವ ಗೌಡರಿಗೆ ಒಂದು ಕಟ್ಟು ಬೀಡಿ, ಬಾಳೆಲೆಯ ಮೇಲೆ ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಬಂದು ಸುಮ್ಮನೆ ಕೂರುತ್ತಾರೆ. ಹಿರಿಯರು ಉಂಡು ಹೋಗಲಿ ಅಂತ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ ಮನೆಯವರ ಊಟ. ಎಡೆಗೆ ಇಡುವ ಮೊದಲು ಯಾರೂ ರುಚಿ ನೋಡುವಂತಿಲ್ಲ, ಉಪ್ಪು ಸರಿಯಿದೆಯೇ ಅಂತ ನಾಲಿಗೆಗೆ ಒಂದು ಹನಿಯನ್ನೂ ಮುಟ್ಟಿಸುವಂತಿಲ್ಲ. ಕೈಯಂದಾಜೇ ಎಲ್ಲ. ಈ ಸೀಮೆಯಲ್ಲಿ ಮುಕ್ಕಾಲು ಮನೆಗಳಲ್ಲಿ ಹೀಗೇ.

ಟಿವಿಯಲ್ಲಿ ತೀರ್ಪುಗಾರ ಒಂದು ಚಮಚ ಸಾರು ಬಾಯಿಗೆ ಹಾಕಿಕೊಂಡು ಮುಖ ಹಿಂಡಿದ. "ಇದಕ್ಕೆ ಉಪ್ಪೇ ಇಲ್ಲ. ರುಚಿ ನೋಡ್ಲಿಲ್ವಾ ನೀವು?"

"ಇಲ್ಲ ಸರ್. ನಮ್ಮ ಅತ್ತೆ ಮನೇಲಿ ಇದನ್ನ ರುಚಿ ನೋಡೋ ಹಾಗಿಲ್ಲ. ಅದೇ ಅಭ್ಯಾಸ..."

ಇಲ್ಲಿ ಶಂಕರಮ್ಮ ಹಣೆ ಚಚ್ಚಿಕೊಂಡು ನಕ್ಕುಬಿಟ್ಟರು. "ಅಯ್ಯೋ ಹುಚ್ಚೀ! ಅಲ್ಲೆಲ್ಲಿ ನಿಮ್ಮಾವ ಬಂದು ಕೂತಿದ್ರೇ! ಅಲ್ಲೂ ಬಾಯಿಗೆ ಹಾಕ್ಲಿಲ್ವಲ್ಲ!" ಆ ನಗುವಿನಲ್ಲಿ ಎಷ್ಟು ಅಕ್ಕರೆಯಿತ್ತೆಂದರೆ ರಕ್ಷಾಳಿಗೂ ನಗು ಬಂತು.

ಟಿವಿಯಲ್ಲಿ ಪಿಟೀಲು ಶುರುವಾಯಿತು.

"ಅತ್ತೆ ರುಚಿ ನೋಡೋಕೂ ಬಿಡ್ತಿರ್ಲಿಲ್ವಾ?" ತೀರ್ಪುಗಾರನ ದನಿ ಮೆತ್ತಗಾಗಿತ್ತು.

"ಇಲ್ಲ ಸರ್."

"ಅಡುಗೆ ಎಲ್ಲ ನೀವೇ ಮಾಡಿ... ಹಸಿವಾಗ್ತಿರ್ಲಿಲ್ವಾ?"

ಮೇಘಶ್ರೀ ತಲೆ ತಗ್ಗಿಸಿದಳು. "ಆಗ್ತಿತ್ತು." ಕಣ್ಣಲ್ಲಿ ನೀರು. ಹಿಂದೆ ನಿಂತವರೆಲ್ಲ ಕಣ್ಣು ಒರೆಸಿಕೊಳ್ಳುವುದನ್ನು ಒಬ್ಬೊಬ್ಬರನ್ನಾಗಿ ಹತ್ತಿರದಿಂದ ತೋರಿಸಿದರು. ತೀರ್ಪುಗಾರ ಎದೆ ಮೇಲೆ ಕೈಯಿಟ್ಟು, "ನಿಮ್ಮ ಸಾರಲ್ಲಿ ಉಪ್ಪಿಲ್ಲ, ಆದ್ರೆ ನಿಮ್ಮ ಕಣ್ಣೀರಲ್ಲಿದೆ," ಅಂದ. ಅವಳನ್ನು ಮನೆಗೆ ಕಳಿಸಲಿಲ್ಲ. ಉಳಿಸಿಕೊಂಡರು.

ಶಂಕರಮ್ಮನ ಮುಖದ ಮೇಲೆ ನಗು ಇನ್ನೂ ಅರ್ಧ ಉಳಿದೇ ಇತ್ತು. "ಇದು ಎಂತ ಮಾತಾಡ್ತಿದಾರೆ ರಕ್ಷಾ? ಎಡೆ ಅಂತ ಹೇಳ್ಲೇ ಇಲ್ವಲ್ಲ?" ಎಂದು ಕೇಳಿದರು.

ಎಡೆಯ ದಿನ ಮನೆಯವರೆಲ್ಲ ಹಸಿದೇ ಇರುತ್ತಾರೆ. ಎಲ್ಲರಿಗಿಂತ ಹಸಿದವರು ಶಂಕರಮ್ಮ. ಎಡೆ ಇಡುವ ತನಕ ಕಾಫಿಯನ್ನೂ ಕುಡಿಯುವುದಿಲ್ಲ. ಸೊಸೆಗೆ ಮಾತ್ರ ಬೆಳಿಗ್ಗೆಯೇ ಒಂದು ಬಟ್ಟಲು ಅವಲಕ್ಕಿ ಮೊಸರು ತಿನ್ನಿಸಿಯೇ ಒಲೆ ಮುಂದೆ ಕೂರಿಸುವುದು. ರಕ್ಷಾ ಕಣ್ಣಾರೆ ಕಂಡದ್ದು ಇದು.

ಮಾರನೇ ಬೆಳಿಗ್ಗೆಯೇ ಆ ತುಣುಕು ಎಲ್ಲರ ಫೋನಿನಲ್ಲಿತ್ತು. ಮೇಲೆ ದಪ್ಪ ಅಕ್ಷರದಲ್ಲಿ 'ಹಸಿದ ಸೊಸೆಯ ಕಣ್ಣೀರ ಕಥೆ'. ಶಂಕರಮ್ಮ ರಕ್ಷಾಳ ಜೊತೆ ಪೇಟೆಗೆ ದಿನಸಿ ತರಲು ಹೋದರೆ, ಅಂಗಡಿಯ ಓಂಕಾರಮೂರ್ತಿ ಅಕ್ಕಿ ತೂಗುತ್ತ, "ಇಷ್ಟು ಯಾಕಮ್ಮಾ? ನಿಮ್ಮನೇಲಿ ಉಣ್ಣೋರು ಕಮ್ಮಿ ಅಲ್ವಾ?" ಅಂದು ಪಕ್ಕದವರ ಕಡೆ ಕಣ್ಣು ಮಿಟುಕಿಸಿದ. ಅಂಗಡಿ ತುಂಬ ನಗು.

ಶಂಕರಮ್ಮ ಚೀಲದ ಬಾಯಿ ಕಟ್ಟತೊಡಗಿದರು. ತಡೆಯಲಾರದೆ ಹೋದದ್ದು ರಕ್ಷಾ. "ಓಂಕಾರಣ್ಣ, ಹೋದ ಕೊಯ್ಲಲ್ಲಿ ಇವ್ರ ಮನೆ ಜಗಲೀಲಿ ಕೂತು, ಇನ್ನೊಂದು ಸೌಟು ಹಾಕಿ, ಇನ್ನೊಂದು ಸೌಟು ಹಾಕಿ ಅಂತ ಸಾರು ಸುರ್ದೋರು ಯಾರು? ನಿಮ್ಮ ತಮ್ಮನಾ?"

"ತಮಾಷೆಗಂದೆ ಮಾರಾಯ್ತಿ. ನೀನ್ಯಾಕೆ ಮೈಮೇಲೆ ಬರ್ತೀಯ?"

"ನಿಮ್ಮ ಹೊಟ್ಟೇಲಿ ಅವ್ರ ಅನ್ನ ಇಟ್ಕೊಂಡು ಇಂಥ ತಮಾಷೆ ಮಾಡ್ಬೇಡಿ."

ಜೀಪಿನಲ್ಲಿ ಬರುವಾಗ ಶಂಕರಮ್ಮ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಹೊರಗೆ ನೋಡುತ್ತ ಕೂತಿದ್ದರು. ಮನೆ ಹತ್ತಿರ ಬಂದಾಗ ಮೆಲ್ಲಗೆ, "ಅವನು ನಗ್ತಾನಲ್ಲೇ," ಅಂದರು. ಅಷ್ಟೇ.

ನಗುವುದಾದರೂ ಹೋಗಲಿ. ಇದಕ್ಕಿಂತ ದೊಡ್ಡ ಪೆಟ್ಟು ಆಲ್ದೂರಿನಿಂದ ಬಂತು. ತೋಟ ನೋಡಿಕೊಂಡು ಊರಲ್ಲೇ ಇರುವ ಹುಡುಗರಿಗೆ ಈಗ ಹೆಣ್ಣು ಸಿಗುವುದೇ ಕಷ್ಟ. ಕಿರಿ ಮಗ ಅರುಣನಿಗೆ ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಆಲ್ದೂರಿನ ಪ್ರೇಮಲತಾ ಅವರ ಮಗಳು ಸತ್ಯವತಿಯ ಸಂಬಂಧ ಕೂಡಿಬಂದಿತ್ತು. ಹುಡುಗ ಹುಡುಗಿ ಇಬ್ಬರೂ ಒಪ್ಪಿ, ಫೋನಿನಲ್ಲಿ ಮಾತಾಡತೊಡಗಿ, ಕೊಯ್ಲು ಮುಗಿದ ಮೇಲೆ ನಿಶ್ಚಿತಾರ್ಥ ಅಂತ ಮಾತಾಗಿತ್ತು. ಅದೇ ಪ್ರೇಮಲತಾ ಫೋನ್ ಮಾಡಿದರು. ಶಂಕರಮ್ಮ ಕಣದಲ್ಲಿ ಹರವಿದ ಕಾಫಿ ಹಣ್ಣನ್ನು ಕಾಲಿನಿಂದ ಕೆದರುತ್ತಿದ್ದವರು, ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆ ಮೇಲೆ ಇಟ್ಟರು. ರಕ್ಷಾ ಅಲ್ಲೇ ಇದ್ದಳು.

"ಶಂಕರಮ್ಮಾರೇ, ಬೇಜಾರು ಮಾಡ್ಕೋಬೇಡಿ. ಹುಡುಗಿ ಇನ್ನೂ ಓದ್ಬೇಕು ಅಂತಾಳೆ."

"ಓದು ಮುಗೀತು ಅಂತ ಹೋದ ತಿಂಗಳು ನೀವೇ ಸಿಹಿ ಕೊಟ್ರಲ್ಲ?"

ಆ ಕಡೆ ದನಿ ತಗ್ಗಿತು. "ನಮ್ಗೆ ಇರೋಳು ಒಬ್ಳೇ ಮಗಳು ನೋಡಿ. ನಾಳೆ ಅವ್ಳೂ ಹಸ್ಕೊಂಡು ಕೂರೋ ಹಂಗಾದ್ರೆ..."

ಶಂಕರಮ್ಮನ ಕಾಲು ನಿಂತಿತು. "ಪ್ರೇಮಲತಾ, ನಿಮ್ಮನೇಲಿ ಹಿರಿಯರಿಗೆ ಎಡೆ ಇಡಲ್ವಾ?"

"ಇಡ್ತೀವಿ."

"ಇಡೋ ಮುಂಚೆ ರುಚಿ ನೋಡ್ತೀರಾ?"

"...ಇಲ್ಲ."

"ಮತ್ತೆ?"

"ನಾವು ಟಿವೀಲಿ ಬಂದಿಲ್ವಲ್ಲ ಶಂಕರಮ್ಮಾರೇ," ಎಂದು ಪ್ರೇಮಲತಾ ಫೋನ್ ಇಟ್ಟರು.

ರಕ್ಷಾಳಿಗೆ ಆ ಮಾತು ದಿನಗಟ್ಟಲೆ ಕಿವಿಯಲ್ಲಿ ಕೊರೆಯಿತು. ಇವರಿಗೆ ಎಡೆ ಗೊತ್ತಿಲ್ಲದೆ ಇಲ್ಲ! ಅಂಗಡಿಯಲ್ಲಿ ನಕ್ಕವರ ಮನೆಯಲ್ಲೂ ಅದೇ ಬಾಳೆಲೆ, ಅದೇ ಮುಚ್ಚಿದ ಬಾಗಿಲು, ಅದೇ ಹಸಿವು. ಗೊತ್ತಿದ್ದೂ ಗೊತ್ತಿದ್ದೂ, ತಮ್ಮ ಕಣ್ಣಿಗಿಂತ ಪಿಟೀಲು ನಿಜ ಅಂತ ನಂಬಿದರಲ್ಲ! ತಟ್ಟೆಯ ಅಂಚು ಒರೆಸುವುದನ್ನು ಕಾರ್ಯಕ್ರಮದವರು ಎಷ್ಟು ಚೆನ್ನಾಗಿ ಕಲಿಸಿದರು ಅನಿಸಿತು ಅವಳಿಗೆ. ಎಡೆ, ಹಿರಿಯರು, ಅವಲಕ್ಕಿ ಬಟ್ಟಲು, ಎಲ್ಲವನ್ನೂ ಒರೆಸಿ ತೆಗೆದು, ನಡುವೆ ಅಳುವ ಮುಖವೊಂದನ್ನು ಅಂದವಾಗಿ ಇಟ್ಟು ಕೊಟ್ಟರು. ನೋಡುವವರು ಚಪ್ಪರಿಸಿದರು. ಒರೆಸಿದ ಬಟ್ಟೆಯಲ್ಲಿ ಏನೇನು ಹೋಯಿತು ಅಂತ ಕೇಳಿದವರು ಯಾರು?

ಅವಳು ಸುಮ್ಮನೆ ಕೂರಲಿಲ್ಲ. ಆ ತುಣುಕಿನ ಕೆಳಗೆ ಎಡೆಯ ವಿಷಯ ಪೂರ್ತಿ ಬರೆದಳು. ಗಳಿಗೆಯೊಳಗೆ ಉತ್ತರ ಬಂತು: 'ಅತ್ತೆ ಕಡೆಯವಳು ಬಂದ್ಲು ನೋಡಿ'. ಇನ್ನೊಬ್ಬ, 'ಎಷ್ಟು ದಿನ ಊಟ ಹಾಕ್ತೀನಿ ಅಂದ್ರು?' ಅಂತ ಕೇಳಿ ನಗುವ ಮುಖ ಹಾಕಿದ್ದ. ಅನಿಲ್ ಫೋನ್ ಕಸಿದು, "ಇದ್ರಲ್ಲಿ ಗೆಲ್ಲೋಕಾಗಲ್ಲ ಬಿಡೇ," ಅಂದ. ಗೆಲ್ಲುವುದಕ್ಕೆ ಬರೆದದ್ದಲ್ಲ ಅಂತ ಅವನ ಮೇಲೂ ಹರಿಹಾಯ್ದಳು.

ಮನೆಯಲ್ಲೇ ಒಬ್ಬನಿದ್ದನಲ್ಲ, ಅವನಿಂದ ಶುರು ಮಾಡಿದಳು. ತನ್ಮಯನನ್ನು ಕೂರಿಸಿ, ಎಡೆಯ ದಿನ ಅವನೂ ಶಂಕರಮ್ಮಜ್ಜಿ ಮನೆಯ ಮುಚ್ಚಿದ ಬಾಗಿಲ ಹೊರಗೆ "ಇನ್ನೂ ಎಷ್ಟೊತ್ತು?" ಅಂತ ಕುಣಿದಾಡಿದ್ದನ್ನು ನೆನಪಿಸಿದಳು. "ಟಿವೀಲಿ ಯಾರಾದ್ರೂ ಅಳ್ತಿದ್ರೆ, ಅದಕ್ಕೆ ಮುಂಚೆ ಎಂತಾಯ್ತು ಅಂತ ಮೊದ್ಲು ಕೇಳ್ಬೇಕು. ತಿಳೀತಾ?" ತನ್ಮಯನಿಗೆ ತಿಳಿಯಿತು. ಮಾರನೇ ದಿನ ಡಬ್ಬಿಯಲ್ಲಿ ಹೆಚ್ಚಿಗೆ ಕಡುಬು ಹಾಕಿಸಿಕೊಂಡು ಹೋಗಿ ಪಂಚಮಿಗೂ ಕೊಟ್ಟ. ಸಂಜೆ ಬಂದು ವರದಿ ಒಪ್ಪಿಸಿದ: "ಎಲ್ಲ ತಿಂದ್ಲು. ನಾಳೆನೂ ತಾ ಅಂದ್ಲು. ಆದ್ರೂ ಟಿವೀಲಿ ಹೇಳಿದ್ರಲ್ಲ ಅಂತಾಳಮ್ಮ."

ಹೀಗಿರುವಾಗ ಚಾನೆಲಿನ ಹುಡುಗನೊಬ್ಬನ ಫೋನ್ ಬಂತು. ಬೆಂಗಳೂರಿನವರ ಮಾತು ತಮಗೆ ಬೇಗ ತಿಳಿಯುವುದಿಲ್ಲವೆಂದು ಶಂಕರಮ್ಮ ರಕ್ಷಾಳನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ಅಮ್ಮಾ, ಮುಂದಿನ ವಾರ ಫ್ಯಾಮಿಲಿ ರೌಂಡ್. ನೀವು ಬರ್ಲೇಬೇಕು. ಕಾರು ನಾವೇ ಕಳಿಸ್ತೀವಿ. ಏನಿಲ್ಲ, 'ತಪ್ಪಾಯ್ತು ಮಗಳೇ' ಅಂತ ನಿಮ್ಮ ಸೊಸೆಗೆ ಕೈಯಾರೆ ಒಂದು ತುತ್ತು ತಿನ್ನಿಸಿ, ತಬ್ಕೊಂಡ್ರೆ ಆಯ್ತು."

"ಯಾವ ತಪ್ಪು?"

"ಅದೇ ಅಮ್ಮಾ, ಊಟದ್ದು."

"ಊಟದ್ದು ಎಂತ ತಪ್ಪು?"

"ಅಮ್ಮಾ, ಅದು ಎಮೋಷನ್. ಜನ ಕಾಯ್ತಿದಾರೆ. ಕರ್ನಾಟಕವೇ ಅಳುತ್ತೆ."

"ಕರ್ನಾಟಕಕ್ಕೆ ಬೇರೆ ಕೆಲಸ ಇಲ್ವಾ? ಅದಿರ್ಲಿ, ನೀನು ಉಂಡ್ಯಾ?"

"ಆಂ?"

"ಊಟ ಆಯ್ತಾ ಅಂದೆ."

"ಇಲ್ಲಮ್ಮಾ, ಶೂಟಿಂಗ್ ನಡೀತಿದೆ..."

"ಹೋಗು, ಮೊದ್ಲು ಉಣ್ಣು. ಹಸಿದ ಹೊಟ್ಟೇಲಿ ಎಂತೆಂತದೋ ಮಾತಾಡ್ತಿದೀಯ."

ಫೋನ್ ಇಟ್ಟಮೇಲೆ ರಕ್ಷಾ ಬಿದ್ದು ಬಿದ್ದು ನಕ್ಕಳು. ಶಂಕರಮ್ಮ ನಗಲಿಲ್ಲ. "ನನ್ನ ಬಾಯಲ್ಲೇ ಹೇಳಿಸ್ಬೇಕಂತೆ! ಅವ್ರು ಹೇಳಿದ್ದು ಸಾಲ್ಲಿಲ್ಲ. ಹೌದು, ನಾನು ಉಣ್ಣಕ್ಕೆ ಕೊಡ್ತಿರ್ಲಿಲ್ಲ ಅಂತ ನಾನೇ ಒಪ್ಕೊಂಡು ಬರ್ಬೇಕಂತೆ!" ಎಂದವರು ಕಣಕ್ಕಿಳಿದು ಕಾಫಿ ಹಣ್ಣನ್ನು ಎಷ್ಟು ಜೋರಾಗಿ ಕೆದರಿದರೆಂದರೆ ಅರ್ಧ ಹಣ್ಣು ಕಣದ ಆಚೆಗೆ ಹಾರಿತು.

ಸ್ಪರ್ಧಿಗಳ ಫೋನನ್ನೆಲ್ಲ ಚಾನೆಲಿನವರೇ ಇಟ್ಟುಕೊಳ್ಳುತ್ತಾರೆ. ಮನೆಯವರ ಜೊತೆ ಮಾತಾಡಲು ವಾರಕ್ಕೊಮ್ಮೆ ಕೊಡುವುದು. ಆ ವಾರ ಮೇಘಶ್ರೀ ಗಂಡನಿಗೆ ಫೋನ್ ಮಾಡಿದಾಗ, ಯೋಗೇಶ್ ಸ್ಪೀಕರಿಗೆ ಹಾಕಿ, ಫೋನನ್ನು ತಂದು ಜಗಲಿಯಲ್ಲಿ ರಕ್ಷಾ ಜೊತೆ ಕೂತಿದ್ದ ಅಮ್ಮನ ಕೈಗೆ ಕೊಟ್ಟ.

"ಅತ್ತೆ, ನಾನು ಎಡೆ ವಿಷಯ ಎಲ್ಲ ಹೇಳಿದ್ದೆ. ಮಾವನ ಬೀಡಿ ಕಟ್ಟಿನ ತನಕ ಹೇಳಿದ್ದೆ. ಮಾವನಿಗೆ ನೀವು ಎಡೆ ಇಡೋದು ನೆನಪಾಗೇ ಅಳು ಬಂದಿದ್ದು. ಅವ್ರು ಕಟ್ ಮಾಡ್ಬಿಟ್ರು."

"ಕಟ್ ಮಾಡಿದ್ದು ನಿಂಗೆ ಯಾವಾಗ ಗೊತ್ತಾಯ್ತು?"

"...ಮಾರನೇ ದಿನ ತೋರ್ಸಿದ್ರು."

"ಆಮೇಲೆ ಹೇಳಿದ್ಯಾ? ಹಂಗಲ್ಲ, ಹಿಂಗೆ ಅಂತ?"

"ಹೇಳಿದ್ರೆ ಮನೆಗೆ ಕಳಿಸ್ಬಿಡ್ತಾರೆ ಅತ್ತೆ. ಇನ್ನೇನು ಫೈನಲ್. ನೀವು ಒಂದೇ ಒಂದು ಸಲ ಬಂದು ಅವ್ರು ಹೇಳಿದ ಹಾಗೆ ಅಂದ್ಬಿಡಿ. ಜನ ಅತ್ತು ಮರ್ತುಬಿಡ್ತಾರೆ. ನೀವು ಒಳ್ಳೇವ್ರಾಗ್ತೀರ. ಅರುಣಂದೂ ಸರಿಹೋಗುತ್ತೆ."

ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದ ಅರುಣ್ ಎದ್ದು ತೋಟದೊಳಗೆ ಹೋದ. ಸತ್ಯವತಿಯ ಕರೆಯಿಲ್ಲದೆ ಅವನ ಫೋನ್ ಎಷ್ಟೋ ದಿನದಿಂದ ಸುಮ್ಮನಿತ್ತು.

ಶಂಕರಮ್ಮ ಅವನು ಹೋದ ದಾರಿ ನೋಡುತ್ತ ಕೇಳಿದರು: "ನಿಂಗೆ ಅಲ್ಲಿ ಊಟ ಹೊತ್ತಿಗೆ ಸರಿಯಾಗಿ ಸಿಗುತ್ತಾ?"

"ಮಧ್ಯಾಹ್ನದ್ದು ಸಂಜೆ ಆಗುತ್ತೆ ಅತ್ತೆ. ಒಂದೊಂದಿನ ಅದೂ ಇಲ್ಲ."

ರಕ್ಷಾಳಿಗೆ ತಡೆಯಲಾಗಲಿಲ್ಲ. "ಮೇಘಾ, ಸೊಸೇನ ಉಪವಾಸ ಕೆಡವ್ತಿರೋರು ಈಗ ಯಾರು ಅಂತ ಕ್ಯಾಮೆರಾ ಮುಂದೆ ಹೇಳೇ!" ಎಂದು ಕೂಗಿದಳು. ಅಷ್ಟರಲ್ಲಿ ಆ ಕಡೆ ಯಾರೋ ಹೊತ್ತಾಯಿತೆಂದು ಫೋನ್ ತೆಗೆದುಕೊಂಡಿದ್ದರು.

ರಕ್ಷಾ ಆ ರೇಗಿನಲ್ಲಿ ಮೇಘಶ್ರೀಯನ್ನು ಬೈಯತೊಡಗಿದಳು. ಉಂಡ ಮನೆಯ ಹೆಸರು ಮಾರಿ ಕಪ್ ಗೆಲ್ಲುವವಳು, ಅದು, ಇದು. ಶಂಕರಮ್ಮ ಕೈಯೆತ್ತಿ ತಡೆದರು. "ಸಾಕು. ಅವಳು ತಪ್ಪು ಮಾಡಿದಾಳೆ, ನಾನೇನು ಕುರುಡಿ ಅಲ್ಲ. ಮನೆಗೆ ಬರ್ಲಿ, ನಾನೇ ಕೇಳ್ತೀನಿ. ಆದ್ರೆ ಹಸಿದಿರೋ ಹುಡುಗೀನ ಬೈಬೇಡ."

ಮಾರನೇ ಮಧ್ಯಾಹ್ನ ಶಂಕರಮ್ಮ ತಾವಾಗಿ ರಕ್ಷಾಳ ಮನೆಗೆ ಬಂದರು. ತಲೆಯ ಟವಲ್ ಬಿಚ್ಚಿ ಮಡಿಸುತ್ತ, "ಹೋಗ್ತೀನಿ ಕಣೇ," ಅಂದರು.

"ದೊಡ್ಡಮ್ಮಾ! ಬೇಡ. ಮಾಡದ ತಪ್ಪನ್ನ ನೀವೇ ಒಪ್ಕೊಂಡ್ರೆ ಅದೇ ನಿಜ ಆಗೋಗುತ್ತೆ. ಸಾಯೋ ತನಕ ಆ ಹೆಸ್ರು ಹೋಗಲ್ಲ."

"ಒಪ್ಕೋತೀನಿ ಅಂತ ಯಾರಂದ್ರು? ಹೋಗ್ತೀನಿ. ತುತ್ತು ತಿನ್ನಿಸು ಅಂದ್ರೆ ತಿನ್ನಿಸ್ತೀನಿ, ಅದು ನಂಗೆ ಹೊಸದಲ್ಲ. ಎಡೆ ಅಂದ್ರೆ ಎಂತ ಅಂತ ಹೇಳ್ತೀನಿ. ಅವತ್ತು ನಮ್ಮನೇಲಿ ಎಲ್ರೂ ಹಸ್ಕೊಂಡಿರ್ತೀವಿ ಅಂತ ಹೇಳ್ತೀನಿ. ತಪ್ಪಾಯ್ತು ಅಂತ ಮಾತ್ರ ಅನ್ನಲ್ಲ."

"ಅದನ್ನೂ ಕಟ್ ಮಾಡ್ತಾರೆ."

"ಮಾಡ್ಲಿ. ಹೇಳಿದ್ದನ್ನ ಕಟ್ ಮಾಡ್ಬಹುದು. ಹೇಳದೇ ಇದ್ದದ್ದನ್ನ ನನ್ನ ಬಾಯಿಗೆ ಹೊಲಿಯೋಕಾಗುತ್ತಾ? ತಪ್ಪಾಯ್ತು ಅಂತ ಶಂಕರಮ್ಮ ಅಂದ್ಲಾ, ಇಲ್ವಾ ಅಂತ ಆಲ್ದೂರಿನವ್ರೂ ನೋಡ್ತಾರೆ, ಆ ಓಂಕಾರಮೂರ್ತೀನೂ ನೋಡ್ತಾನೆ. ನಂಬೋರು ನಂಬ್ಲಿ. ಸತ್ಯವತಿ ನನ್ನ ಮನೆಗೆ ಬರೋದಾದ್ರೆ ನಾನು ಸುಳ್ಳಿಗೆ ಕ್ಷಮೆ ಕೇಳಿದ್ದಕ್ಕೆ ಬರೋದು ಬೇಡ. ಸುಳ್ಳು ಅಂತ ತಿಳಿದು ಬರ್ಲಿ."

ಅರುಣನಿಗೂ ಹೀಗೇ ಹೇಳಿದಿರಾ ಎಂದು ರಕ್ಷಾ ಕೇಳಿದಳು. ಹೇಳಿದೆ ಅಂದರು ಶಂಕರಮ್ಮ. ಅವನು ತಟ್ಟೆ ಮುಂದಕ್ಕೆ ತಳ್ಳಿ ಇನ್ನೊಂದು ರೊಟ್ಟಿ ಹಾಕಮ್ಮ ಅಂದನಂತೆ. ಎಷ್ಟೋ ದಿನದ ಮೇಲೆ.

ರಕ್ಷಾ ಕಾಫಿ ಮಾಡಿ ಕೊಟ್ಟಳು. ಶಂಕರಮ್ಮ ಲೋಟ ಹಿಡಿದು ಕೂತರು, ಕುಡಿಯಲಿಲ್ಲ. ಇನ್ನೂ ಏನೋ ಹೇಳಬೇಕಾದದ್ದು ಇದೆ ಅಂತ ಕಂಡಿತು.

"ಒಂದೇ ಹೆದ್ರಿಕೆ," ಅಂದರು ಕೊನೆಗೆ. "ಆ ಹುಡುಗಿ ಅತ್ರೆ ನಂಗೆ ತಡಿಯಲ್ಲ. ಬಂದ ಹೊಸದ್ರಲ್ಲಿ ಒಂದಿನ ರೊಟ್ಟಿ ಎಲ್ಲ ಸೀದುಹೋಗಿ ಒಲೆ ಮುಂದೆ ಕೂತು ಅತ್ಲು. ನಾನು ಹೋಗಿ, ಅಳ್ಬೇಡ್ವೇ, ನಂದೇ ತಪ್ಪು, ಉರಿ ಜಾಸ್ತಿ ಮಾಡಿದ್ದು ನಾನೇ ಅಂದೆ. ನಾನು ಅವತ್ತು ಅಡುಗೆಮನೆಗೇ ಕಾಲಿಟ್ಟಿರ್ಲಿಲ್ಲ, ಕಣದಲ್ಲಿದ್ದೆ! ನನ್ನ ಬಾಯೇ ಹಂಗೆ. ಮಕ್ಳು ಅತ್ರೆ ತಾನಾಗೇ ಬಂದುಬಿಡುತ್ತೆ. ಅಲ್ಲಿ ಪಿಟೀಲು ಬೇರೆ ಕುಯ್ತಾರೆ..."

"ದೊಡ್ಡಮ್ಮ..."

"ನಿಂದೊಂದು ಉಪಕಾರ ಆಗ್ಬೇಕು ರಕ್ಷಾ. ತನ್ಮಯನ್ನ ಅನಿಲನ ಹತ್ರ ಬಿಟ್ಟು ಒಂದಿನ ನನ್ ಜೊತೆ ಬಾ. ನಮ್ಮ ಕಡೆಯವ್ರು ಒಬ್ರು ಪಕ್ಕದಲ್ಲಿ ನಿಂತ್ಕೋಬಹುದಂತೆ, ಆ ಚಾನೆಲ್ ಹುಡುಗನ್ನ ಕೇಳಿದೀನಿ. ನೀನು ನನ್ನ ಹಿಂದೇನೇ ನಿಂತ್ಕೋ. ನನ್ನ ಬಾಯಿಗೆ ಆ ಮಾತು ಬರ್ತಿದೆ ಅಂತ ಕಂಡ್ರೆ, ಸೆರಗು ಹಿಡಿದು ಎಳೆದುಬಿಡು. ಯಾರು ನೋಡ್ತಾರೆ ಅಂತ ಯೋಚ್ನೆ ಮಾಡ್ಬೇಡ. ಜೋರಾಗೇ ಎಳಿ."